ಮೈಕಿನಲ್ಲಿ ಹೇಳಬೇಕಾದ ಮಾತು

ಸಂಧ್ಯಾಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅದೇನು ದುಬಾರಿ ಮಾತೂ ಅಲ್ಲ. "ಅವತ್ತು ರೆಫರಿ ಕೊಟ್ಟ ತೀರ್ಪು ಸರಿ, ನಾನು ಬದಲಾಯಿಸಿದ್ದು ತಪ್ಪು" ಎಂದು ರಂಗರಾಜು ಹೇಳಬೇಕಿತ್ತು. ಕಿವಿಯಲ್ಲಿ ಪಿಸುಗುಟ್ಟಿದರೆ ಆಗುತ್ತಿರಲಿಲ್ಲ, ಕಾರಿನ ಗಾಜು ಇಳಿಸಿಕೊಂಡು ಹೇಳಿದರೂ ಆಗುತ್ತಿರಲಿಲ್ಲ. ಮೈಕಿನಲ್ಲಿ ಹೇಳಬೇಕಿತ್ತು. ಅವಮಾನ ಮಾಡಿದ್ದು ಮೈಕಿನಲ್ಲಿ ತಾನೇ? ಇಷ್ಟು ಸಣ್ಣ ಲೆಕ್ಕ ಮೂರು ತಾಲ್ಲೂಕಿನಲ್ಲಿ ಒಬ್ಬರ ತಲೆಗೂ ಹೋಗುತ್ತಿರಲಿಲ್ಲವಲ್ಲ ಎಂದು ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ತೆಂಗುನಾಡು ಕಬಡ್ಡಿ ಒಕ್ಕೂಟ ಎಂಬುದೊಂದು ಸಂಘ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಹೆಣ್ಣುಮಕ್ಕಳ ಪಂದ್ಯ ನಡೆಸುತ್ತದೆ. ಅದರ ಅಧ್ಯಕ್ಷ ರಂಗರಾಜು. ಒಂದು ಕಾಲಕ್ಕೆ ರಾಜ್ಯ ತಂಡದಲ್ಲಿ ಆಡಿದವನು. ಅವನು ರೈಡಿಗೆ ಹೋಗಿ ಕಾಲು ಬೀಸಿದನೆಂದರೆ ಎದುರಿನವರು ಹಿಂದೆ ಸರಿಯುವುದರೊಳಗೆ ಒಬ್ಬನಾದರೂ ಔಟಾಗಿರುತ್ತಿದ್ದ. ಕುದುರೆ ಫಾರಂ ಇರುವ ಕುಣಿಗಲ್‌ನವನಾದ್ದರಿಂದ ಜನ ಅವನಿಗೆ ಕುದುರೆ ರಂಗ ಎಂದೇ ಹೆಸರಿಟ್ಟರು. ಆಟ ಬಿಟ್ಟ ಮೇಲೆ ರಾಜಕೀಯಕ್ಕೆ ಬಂದು ಜಿಲ್ಲಾ ಪಂಚಾಯ್ತಿ ಸದಸ್ಯನಾದ. ಈಗ ಎಂಎಲ್‌ಎ ಟಿಕೆಟ್ಟಿಗಾಗಿ ಮದುವೆ, ತಿಥಿ, ಗೃಹಪ್ರವೇಶ ಒಂದನ್ನೂ ಬಿಡದೆ ಓಡಾಡುತ್ತಿದ್ದಾನೆ. ಸಿ.ಎಸ್. ಪುರದ ಶಾಲೆಯ ಮೈದಾನದಲ್ಲಿ ಅವನ ಆಟ ನೋಡಿಯೇ ಸಂಧ್ಯಾ ಸಣ್ಣ ಹುಡುಗಿಯಾಗಿದ್ದಾಗ ಕಬಡ್ಡಿಯ ಹುಚ್ಚು ಹಿಡಿಸಿಕೊಂಡವಳು. ಗುಬ್ಬಿ ತಾಲ್ಲೂಕಿಗೆ ಆಡಿ, ಪಿ.ಇ. ಟೀಚರಾಗಿ, ರೆಫರಿ ಪರೀಕ್ಷೆ ಬರೆದು, ಮದುವೆಯಾಗಿ ತುಮಕೂರಿನ ಮರಳೂರಿಗೆ ಬಂದವಳು. ಹೊಟ್ಟೆ ಉರಿಯಲು ಅದೂ ಒಂದು ಕಾರಣ. ಗೊತ್ತಿಲ್ಲದವನು ತಪ್ಪು ಮಾಡಿದರೆ ಬೇರೆ. ಆಟ ಎಂದರೇನೆಂದು ಇವಳಿಗೆ ತೋರಿಸಿಕೊಟ್ಟವನೇ ಅದರ ಮೇಲೆ ಬೂಟುಗಾಲಿಟ್ಟಿದ್ದ.

ಬೂಟುಗಾಲು ಎಂದದ್ದು ಮಾತಿಗಲ್ಲ. ಕುಣಿಗಲ್‌ನಲ್ಲಿ ಫೈನಲ್, ಗುಬ್ಬಿಗೂ ಕುಣಿಗಲ್‌ಗೂ. ಕೊನೆಯ ರೈಡಿನಲ್ಲಿ ಗುಬ್ಬಿಯ ಇಂಪನಾ ಎಂಬ ಹುಡುಗಿಯನ್ನು ಎದುರಾಳಿಗಳು ಮೂವರು ಸೇರಿ ಕೆಡವಿಕೊಂಡರು. ಆ ಹುಡುಗಿ ಉಸಿರು ಬಿಡದೆ, ಮೂವರನ್ನೂ ಮೈಮೇಲೆ ಹೊತ್ತುಕೊಂಡೇ ತೆವಳಿ, ಕೈ ಚಾಚಿ ನಡುಗೆರೆ ಮುಟ್ಟಿತು. ಸಂಧ್ಯಾ ಗೆರೆಯ ಪಕ್ಕದಲ್ಲೇ ಮಂಡಿಯೂರಿದ್ದಳು. ಬೆರಳು ಗೆರೆಯ ಮೇಲೆ ಕೂತದ್ದನ್ನು ಕಣ್ಣಾರೆ ಕಂಡು ಸೀಟಿ ಊದಿದಳು. ಗುಬ್ಬಿಗೆ ಮೂರು ಪಾಯಿಂಟು, ಗುಬ್ಬಿಗೇ ಕಪ್ಪು.

ವೇದಿಕೆಯ ಮೇಲೆ ನಡುಕುರ್ಚಿಯಲ್ಲಿ ಕೂತಿದ್ದ ರಂಗರಾಜು ಎದ್ದ. ಬೂಟು ಕಳಚದೆ ಮ್ಯಾಟಿನ ಮೇಲೆ ನಡೆದು ಬಂದ. ಅನೌನ್ಸರ್ ಕೈಯಿಂದ ಮೈಕು ತೆಗೆದುಕೊಂಡ.

"ಈಯಮ್ಮ ಗುಬ್ಬಿಯೋರು. ತವರುಮನೆ ಕಡೆ ಗೆರೆ ಸ್ವಲ್ಪ ಹತ್ರ ಕಾಣ್ತದೆ, ಪಾಪ," ಎಂದ. ಜನ ನಕ್ಕರು. ನಕ್ಕದ್ದು ಕೇಳಿ ಅವನಿಗೆ ಹುರುಪು ಬಂತು. "ಗೆರೆ ನೋಡಕ್ಕೆ ಬರಲ್ಲ ಅಂದ್ರೆ ಮನೆ ಮುಂದೆ ರಂಗೋಲಿ ಬುಟ್ಕೊಂಡಿರ್ಬೇಕಿತ್ತು ತಾಯಿ. ರೈಡರ್ ಔಟು. ಕಪ್ಪು ಕುಣಿಗಲ್ದು."

ಸ್ಕೋರು ಬರೆಯುವವನು ಅಧ್ಯಕ್ಷರ ಮುಖ ನೋಡಿ ಅಂಕಿ ತಿದ್ದಿದ. ಅಷ್ಟೇ. ಪಟಾಕಿ ಹೊಡೆದರು, ಕಪ್ಪು ಕೊಟ್ಟರು, ಕಾರುಗಳು ಹೊರಟವು. ಸಂಧ್ಯಾ ಸೀಟಿ ಹಿಡಿದುಕೊಂಡು ಮ್ಯಾಟಿನ ಮೇಲೆ ನಿಂತೇ ಇದ್ದಳು. ಅಂಥ ಹೊತ್ತಿನಲ್ಲಿ ಹೊಳೆಯಬೇಕಾದ ಮಾತು ಯಾರಿಗೂ ಹೊಳೆಯುವುದಿಲ್ಲ. ಅವಳಿಗೆ ಹೊಳೆದದ್ದು ತುಮಕೂರಿನ ಬಸ್ಸಿನಲ್ಲಿ, ಹೆಬ್ಬೂರು ದಾಟಿದ ಮೇಲೆ.

ಇದರಲ್ಲಿ ಸಾಕ್ಷಿ ಹುಡುಕುವ ಕಷ್ಟವೇನಾದರೂ ಇತ್ತೇ? ಇಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಮರುದಿನವೇ ಎಲ್ಲರ ಫೋನಿಗೂ ಬಂತು. ಇಂಪನಾಳ ಬೆರಳು ಗೆರೆಯ ಮೇಲೆ ಕೂತಿರುವುದು ಕನ್ನಡಕವಿಲ್ಲದ ಮುದುಕರಿಗೂ ಕಾಣುತ್ತಿತ್ತು. ಶಾಲೆಯ ಹೆಡ್ ಮಾಸ್ಟರು ನೋಡಿದರು, ತರಕಾರಿ ಅಂಗಡಿಯವನು ನೋಡಿದ, ರಂಗರಾಜುವಿನ ಪಕ್ಷದವರೂ ನೋಡಿದರು. ಎಲ್ಲರೂ ಸಂಧ್ಯಾಳನ್ನು ಪಕ್ಕಕ್ಕೆ ಕರೆದು "ನಿಮ್ದೇ ಸರಿ ಮೇಡಂ" ಎಂದರು. ಹೀಗೆ ಪಕ್ಕಕ್ಕೆ ಕರೆಸಿಕೊಂಡೂ ಕರೆಸಿಕೊಂಡೂ ಅವಳಿಗೆ ಪಕ್ಕ ಎಂಬ ಜಾಗದ ಮೇಲೇ ಜುಗುಪ್ಸೆ ಬಂತು. ಎಲ್ಲರಿಗೂ ಗೊತ್ತಿರುವ ಸತ್ಯವನ್ನು ಒಬ್ಬರೂ ಎದುರಿಗೆ ಹೇಳದಿದ್ದರೆ ಅದನ್ನಿಟ್ಟುಕೊಂಡು ಮಾಡುವುದೇನು?

ಒಕ್ಕೂಟದ ಕಚೇರಿಗೆ ದೂರು ಬರೆದಳು. ಉತ್ತರ ಬಂತು: ತಮ್ಮ ದೂರನ್ನು ಸೂಕ್ತ ಕ್ರಮಕ್ಕಾಗಿ ಮಾನ್ಯ ಅಧ್ಯಕ್ಷರಿಗೆ ಕಳುಹಿಸಲಾಗಿದೆ. ಯಾರ ಮೇಲೆ ದೂರೋ ಅವರ ಕೈಗೇ ದೂರು. ಅವಳು ಆ ಉತ್ತರವನ್ನು ಗಂಡನ ಮುಂದೆ ಹಿಡಿದಳು. ಗಂಡ ಶಿವಮೂರ್ತಿ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಜಗಳ ಎಂದರೆ ದೂರದಿಂದಲೇ ಗಾಡಿ ತಿರುಗಿಸಿಕೊಂಡು ಹೋಗುವ ಮನುಷ್ಯ.

"ರಿಪ್ಲೈ ಬಂತಲ್ಲ, ಅದೇ ದೊಡ್ಡದು ಕಣೇ," ಎಂದ.

"ರೀ, ಕಳ್ಳನ ಮೇಲೆ ಕಂಪ್ಲೇಂಟ್ ಕೊಟ್ರೆ ಕಳ್ಳಂಗೇ ಕಳಿಸವ್ರೆ. ನಿಮ್ಗೆ ಏನೂ ಅನ್ಸಲ್ವಾ?"

"ಅನ್ಸುತ್ತೆ. ಅನ್ಸಿದ್ದಕ್ಕೆಲ್ಲಾ ಕುಣಿಯಕ್ಕಾಗುತ್ತಾ? ಅವ್ರು ನಾಳೆ ಎಂಎಲ್ಲೆ ಆಗೋರು. ಬುಡು ಅತ್ಲಾಗೆ."

ಕುಣಿಗಲ್‌ಗೆ, ರಂಗರಾಜುವಿನ ಮನೆಗೇ ಹೋದಳು. ಅಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಬೀಗರಿಗೂ ಸಿಗಲಿಕ್ಕಿಲ್ಲ. ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು, ಹೊರಡುವಾಗ ಅರಿಶಿನ ಕುಂಕುಮ ಕೊಟ್ಟು ಎಳನೀರು ಕುಡಿಸಿದರು. ರಂಗರಾಜು "ನೀನು ನಮ್ ಹುಡ್ಗಿ ಕಣಮ್ಮ, ಆಟದಲ್ಲಿ ಒಂದ್ ಮಾತು ಬರ್ತದೆ, ಹೋಗ್ತದೆ, ನೋಡಣ" ಎಂದ. ನೋಡೋಣ ಎಂದವನು ನೋಡಿದ್ದು ಗೋಡೆಯ ಗಡಿಯಾರವನ್ನು. ಅವಳು ಬೈಯಲು ಹೋಗಿ ಹೊಟ್ಟೆ ತುಂಬಿಸಿಕೊಂಡು ಬಂದಳು. ಉಪಚಾರ ಮಾಡುವವನ ಮನೆಯಲ್ಲಿ ಕೂತು ಜಗಳ ಆಡುವ ವಿದ್ಯೆಯನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ.

ಕೊನೆಗೆ ಗುಬ್ಬಿಯವರಿಗೆ ರೋಷ ಬಂತು. ಬಂದದ್ದು ತಡವಾಗಿಯಾದರೂ ಬಂತಲ್ಲ ಎಂದು ಸಂಧ್ಯಾ ಸಮಾಧಾನಪಟ್ಟಳು. ಒಕ್ಕೂಟದ ಗುಬ್ಬಿ ಶಾಖೆಯ ಕಾರ್ಯದರ್ಶಿ ಗಂಗಾಧರ್, ಅವನೂ ಪಿ.ಇ. ಮೇಷ್ಟ್ರು, ಫೋನ್ ಮಾಡಿ "ಖಂಡನಾ ಸಭೆ ಇಟ್ಕೊಂಡಿದೀವಿ ಮೇಡಂ, ಭಾನುವಾರ, ಸಮುದಾಯ ಭವನದಲ್ಲಿ. ನೀವು ಬಂದು ಮಾತಾಡ್ಬೇಕು" ಎಂದ. ಗಂಗಾಧರ್ ಕೆಟ್ಟವನಲ್ಲ. ಕೆಲಸಗಾರ. ಆದರೆ ಅವನಿಗೆ ಒಂದು ಚಟವಿತ್ತು. ಏನೇ ಸಭೆಯಿರಲಿ, ಆಹ್ವಾನ ಪತ್ರಿಕೆ ಅಚ್ಚು ಹಾಕಿಸದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿ, ಘನ ಉಪಸ್ಥಿತಿ, ಎಲ್ಲ ಸಾಲೂ ತುಂಬಬೇಕು. ಖಾಲಿ ಬಿಟ್ಟರೆ ಅವನಿಗೆ ಪಾಪಪ್ರಜ್ಞೆ.

ಶುಕ್ರವಾರ ಪತ್ರಿಕೆ ವಾಟ್ಸಾಪಿಗೆ ಬಂತು. ಮೇಲೆ ಗಣಪತಿಯ ಚಿತ್ರ, ಅದರ ಕೆಳಗೆ "ಕುಣಿಗಲ್ ಘಟನೆ ಖಂಡಿಸಿ ಬೃಹತ್ ಸಭೆ", ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಅಧ್ಯಕ್ಷತೆ: ಶ್ರೀಯುತ ರಂಗರಾಜು, ಗೌರವಾನ್ವಿತ ಅಧ್ಯಕ್ಷರು, ತೆಂಗುನಾಡು ಕಬಡ್ಡಿ ಒಕ್ಕೂಟ".

ಸಂಧ್ಯಾ ಎರಡೆರಡು ಸಲ ಓದಿದಳು. ಆಮೇಲೆ ಫೋನ್ ಮಾಡಿದಳು.

"ಗಂಗಾಧರ್ ಸಾರ್, ಸಭೆ ಯಾರ ಮೇಲೆ?"

"ಅವ್ರ ಮೇಲೇ ಮೇಡಂ."

"ಅಧ್ಯಕ್ಷತೆ ಯಾರ್ದು?"

"ಅವ್ರದೇ. ಪ್ರೋಟೋಕಾಲ್ ಮೇಡಂ. ಒಕ್ಕೂಟದ ಹೆಸರಲ್ಲಿ ಸಭೆ ಮಾಡಿ ಅಧ್ಯಕ್ಷರ ಹೆಸ್ರು ಹಾಕ್ದಿದ್ರೆ ನಾಳೆ ನಮ್ಮನ್ನೇ ಕೇಳ್ತಾರೆ. ಸುಮ್ನೆ ಹಾಕಿರದು. ಅವ್ರು ಬರಲ್ಲ ಬುಡಿ."

"ಬಂದ್ರೆ?"

ಗಂಗಾಧರ್ ಅದನ್ನು ಯೋಚಿಸಿರಲಿಲ್ಲ. "ಬಂದ್ರೆ ಹಾರ ತರ್ಸಬೇಕಾಗುತ್ತೆ" ಎಂದ.

ರಂಗರಾಜು ಬಂದ. ಬರದೆ ಇರುತ್ತಾನೆಯೇ? ಕರೆದ ಕಡೆಗೆಲ್ಲ ಹೋಗುವುದೇ ಅವನ ಉದ್ಯೋಗ. ಹಿಂದೆ ಮುಂದೆ ಎರಡು ಕಾರು, ಬಿಳಿ ಷರ್ಟು, ಹೆಗಲ ಮೇಲೆ ಟವೆಲ್ಲು. ಅವನನ್ನು ಬೈಯಲೆಂದೇ ಬಂದು ಕೂತಿದ್ದ ಜನ ಅವನು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತರು. ಕೆಲವರು ಸೆಲ್ಫಿ ತೆಗೆದುಕೊಂಡರು. ಇಂಪನಾಳ ಅಪ್ಪ, ಮಗಳಿಗೆ ಅನ್ಯಾಯವಾಯಿತೆಂದು ವಾರದಿಂದ ಕೂಗಾಡಿದ್ದವನು, ಓಡಿಹೋಗಿ ಕುರ್ಚಿ ಒರೆಸಿದ. ಅದನ್ನು ನೋಡಿ ಸಂಧ್ಯಾಳಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ.

ಅಧ್ಯಕ್ಷ ಭಾಷಣ ಶುರುವಾಯಿತು.

"ಕುಣಿಗಲ್‌ನಲ್ಲಿ ನಡೆದ ಘಟನೆ ಕೇಳಿ ನಂಗೂ ಮನಸ್ಸಿಗೆ ಬಾಳ ನೋವಾಗದೆ," ಎಂದ ರಂಗರಾಜು. ಮಾಡಿ ಎನ್ನಲಿಲ್ಲ, ಕೇಳಿ ಎಂದ. "ಒಬ್ಬ ಹೆಣ್ಮಗಳು, ಅದ್ರಲ್ಲೂ ರೆಫರಿ, ಅವ್ರಿಗೆ ಅಗೌರವ ಆಗದೆ ಅಂದ್ರೆ ಅದನ್ನ ಯಾರೇ ಮಾಡಿರ್ಲಿ, ಎಷ್ಟೇ ದೊಡ್ಡೋರಾಗಿರ್ಲಿ, ನಾನು ಖಂಡಿಸ್ತೀನಿ. ಇದಕ್ಕೆ ಒಂದು ತನಿಖಾ ಸಮಿತಿ ಮಾಡ್ತೀನಿ. ಅದರ ಜವಾಬ್ದಾರಿ ಬೇರೆಯೋರಿಗೆ ಬುಡಲ್ಲ, ನಾನೇ ಹೊತ್ಕೊತೀನಿ."

ಚಪ್ಪಾಳೆ ಬಿತ್ತು. ಬೇಕೆಂದು ತಟ್ಟಿದವರು ಕೆಲವರು, ಪಕ್ಕದವರು ತಟ್ಟಿದರೆಂದು ತಟ್ಟಿದವರು ಹೆಚ್ಚು. ಅವನ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ಬಹುಶಃ ಅವನಿಗೆ ನಿಜವಾಗಿಯೂ ನೋವಾಗಿತ್ತು. ತಾನು ಮಾಡಿದ್ದನ್ನು ಬೇರೆ ಯಾರೋ ಮಾಡಿದಂತೆ ಕಂಡು ಮರುಗುವ ಶಕ್ತಿ ಅವನಿಗೆ ಯಾವಾಗ ಬಂದಿತ್ತೋ. ಅಷ್ಟರಲ್ಲಿ ಗಂಗಾಧರ್ ಮೈಕಿನಲ್ಲಿ "ಈಗ ಮಾನ್ಯ ಅಧ್ಯಕ್ಷರಿಂದ ಸಂಧ್ಯಾ ಮೇಡಂ ಅವರಿಗೆ ಸನ್ಮಾನ" ಎಂದುಬಿಟ್ಟ. ಇದು ಪತ್ರಿಕೆಯಲ್ಲಿರಲಿಲ್ಲ. ಕಾರಿನಲ್ಲಿ ಬಂದಿತ್ತು. ಶಾಲು, ಮೈಸೂರು ಪೇಟ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ.

ಅವಳು ಬೇಡವೆನ್ನಬೇಕಿತ್ತು. ಆದರೆ ಶಾಲು ಎದುರಿಗೆ ಬಂದಾಗ ನಮ್ಮವರ ಕುತ್ತಿಗೆ ಮನಸ್ಸನ್ನು ಕೇಳುವುದಿಲ್ಲ, ತಾನೇ ಬಾಗುತ್ತದೆ. ಅವಳದೂ ಬಾಗಿತು. ಅದೇ ಕ್ಷಣಕ್ಕೆ ಫೋಟೋದವನು ಕ್ಲಿಕ್ ಮಾಡಿದ. ಕೈಯಲ್ಲಿ ಬುಟ್ಟಿ, ತಲೆಯ ಮೇಲೆ ಪೇಟ, ಪಕ್ಕದಲ್ಲಿ ನಗುತ್ತಿರುವ ರಂಗರಾಜು. ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಅವಳು ಮೈಕಿಗೆ ಬಾಯಿ ಕೊಟ್ಟಳು.

"ಒಂದೇ ಮಾತು ಸಾರ್. ಯಾರೇ ಮಾಡಿರ್ಲಿ ಅಂದ್ರಲ್ಲ. ಯಾರು ಮಾಡಿದ್ದು ಅಂತ ಹೇಳ್ಬುಡಿ."

ರಂಗರಾಜು ಗಂಗಾಧರ್‌ನ ಕಡೆ ನೋಡಿದ. ಗಂಗಾಧರ್ ವಂದನಾರ್ಪಣೆಯನ್ನೂ ಮರೆತು ರಾಷ್ಟ್ರಗೀತೆಯ ಗುಂಡಿ ಒತ್ತಿದ. ಎಲ್ಲರೂ ಎದ್ದು ಕೈ ನೇರ ಮಾಡಿಕೊಂಡು ನಿಂತರು. ಸಂಧ್ಯಾಳೂ ನಿಂತಳು. ರಾಷ್ಟ್ರಗೀತೆಯ ನಡುವೆ ಪ್ರಶ್ನೆ ಕೇಳುವ ಹಾಗಿಲ್ಲ. ಮುಗಿದ ಕೂಡಲೇ ಜನ ಊಟದ ಕಡೆ ನುಗ್ಗಿದರು. ಬಿಸಿಬೇಳೆಬಾತು ಆರಿಹೋಗುತ್ತದಲ್ಲ.

ಮರುದಿನ ಸ್ಥಳೀಯ ಪೇಪರಿನಲ್ಲಿ ಫೋಟೋ ಬಂತು: "ರೆಫರಿಗೆ ಸನ್ಮಾನ, ವಿವಾದ ಸುಖಾಂತ್ಯ". ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಅದೇ ಫೋಟೋ ಫ್ಲೆಕ್ಸ್ ಆಗಿ ನಿಂತಿತು. ಫ್ಯಾಕ್ಟರಿಯಲ್ಲಿ ಜೊತೆಯವರೆಲ್ಲ ಶಿವಮೂರ್ತಿಯ ಕೈ ಕುಲುಕಿದರಂತೆ. ಅವನು ಸ್ವೀಟು ತಂದಿದ್ದ.

"ಯಾತಕ್ಕೆ ಸ್ವೀಟು?" ಎಂದಳು.

"ಮುಗೀತಲ್ಲ."

"ಏನು ಮುಗೀತು ರೀ? ತಪ್ಪು ಅಂದ್ರಾ ಅವ್ರು? ನನ್ ತಲೆ ಮೇಲೆ ಪೇಟ ಇಟ್ರೆ ಅವ್ರ ತಪ್ಪು ಮುಚ್ಚೋಯ್ತದಾ?"

ಶಿವಮೂರ್ತಿ ಸ್ವೀಟಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. "ನಿಂಗೆ ಏನ್ ಬೇಕು ಅಂತಾನೇ ನಂಗೆ ಅರ್ಥ ಆಗ್ತಿಲ್ಲ ಕಣೇ. ಎಲ್ಲಾ ಕಡೆ ನಿನ್ ಫೋಟೋ ಇದೆ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು. ಅತ್ತಳು, ಬೈದಳು, ಆಮೇಲೆ ಹಸಿವಾಗಿ ಅದೇ ಸ್ವೀಟು ತಿಂದಳು.

ಇದಾದ ಮೇಲೆ ಒಕ್ಕೂಟದ ಮುಂದಿನ ಪಂದ್ಯ ಮರಳೂರಿನ ಮೈದಾನದಲ್ಲೇ ಬಂತು. ಹೆಣ್ಣುಮಕ್ಕಳ ಪಂದ್ಯಕ್ಕೆ ಪರೀಕ್ಷೆ ಪಾಸಾದ ಬೇರೆ ಮಹಿಳಾ ರೆಫರಿ ಸಿಗದೆ ಗಂಗಾಧರ್ ಮನೆ ಬಾಗಿಲಿಗೆ ಬಂದು ಗೋಗರೆದ. ಶಿವಮೂರ್ತಿ ಬೇಡವೆಂದ. ಸಂಧ್ಯಾ ಹೋದಳು. ಮಾತಂತೂ ಸಿಗಲಿಲ್ಲ, ಆಟವನ್ನೂ ಯಾಕೆ ಬಿಟ್ಟುಕೊಡಬೇಕು ಎಂಬುದು ಅವಳ ಹಟ.

ಭಾನುವಾರ ಮಧ್ಯಾಹ್ನ ಫೈನಲ್. ಮತ್ತೆ ಗುಬ್ಬಿ, ಮತ್ತೆ ಕುಣಿಗಲ್. ಎರಡೂ ಊರಿನಿಂದ ಜನ ಬಸ್ಸು ಹತ್ತಿ, ಟೆಂಪೋ ಮಾಡಿಕೊಂಡು ಬಂದಿದ್ದರು. ವೇದಿಕೆಯ ನಡುಕುರ್ಚಿಯಲ್ಲಿ ರಂಗರಾಜು. ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಆಟಗಾರ್ತಿಯರ ಕೈಕುಲುಕುವುದು ಎಲ್ಲ ಆಗಿ ಆಟ ಶುರುವಾಗುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು.

ಮೊದಲ ರೈಡು ಕುಣಿಗಲ್‌ನದು. ರೈಡರ್ ಹುಡುಗಿ ಹಿಂದಕ್ಕೆ ತಿರುಗುವಾಗ ಕಾಲು ಬೀಸಿ ಇಂಪನಾಳ ಮಂಡಿ ಸೋಕಿಸಿ ಓಡಿದಳು. ಸಂಧ್ಯಾ ಸೀಟಿ ಊದಿ ಇಂಪನಾ ಔಟೆಂದು ಕೈ ತೋರಿದಳು.

ಇಂಪನಾ ಕದಲಲಿಲ್ಲ. ಅವಳು ಸಂಧ್ಯಾಳನ್ನು ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ವೇದಿಕೆ ನೋಡುತ್ತಿದ್ದಳು. ಸಂಧ್ಯಾ ಸುತ್ತ ಕಣ್ಣಾಡಿಸಿದಳು. ಗುಬ್ಬಿಯ ಹುಡುಗಿಯರು, ಕುಣಿಗಲ್‌ನ ಹುಡುಗಿಯರು, ಪಾಯಿಂಟು ತಂದ ಆ ರೈಡರ್ ಕೂಡ, ಎಲ್ಲರ ಮುಖವೂ ವೇದಿಕೆಯ ಕಡೆಗೇ ಇತ್ತು. ಸ್ಕೋರು ಬರೆಯುವವನು ಪೆನ್ನು ಎತ್ತಿ ಹಿಡಿದು ಅಲ್ಲೇ ನೋಡುತ್ತಿದ್ದ.

"ಯಾಕೆ ನಿಂತಿದೀಯ? ಔಟ್ ಕೊಟ್ಟೆ ತಾನೇ?" ಎಂದಳು.

"ಗೊತ್ತಾಯ್ತು ಮಿಸ್. ಅವ್ರು ಏನಂತಾರೋ ನೋಡಣ ಅಂತ," ಎಂದಿತು ಹುಡುಗಿ, ತುಂಬ ವಿನಯದಿಂದ.

ವೇದಿಕೆಯ ಮೇಲೆ ರಂಗರಾಜು ಮುಗುಳ್ನಕ್ಕು, ಔಟ್ ಕೊಡಿ ಎನ್ನುವಂತೆ ಕೈ ಬೀಸಿದ. ಈ ಸಲ ಅವನು ಅವಳ ತೀರ್ಪನ್ನು ಒಪ್ಪಿದ್ದ. ಉದಾರವಾಗಿ ಮಂಜೂರು ಮಾಡಿದ್ದ. ಸ್ಕೋರಿನವನು ಆಗ ಬರೆದುಕೊಂಡ, ಇಂಪನಾ ಆಗ ಹೆಜ್ಜೆ ಎತ್ತಿದಳು.

ಕುಣಿಗಲ್‌ನಲ್ಲಿ ಜನ ನಕ್ಕಾಗಲೂ ಸಂಧ್ಯಾಳಿಗೆ ಇಷ್ಟು ನಾಟಿರಲಿಲ್ಲ. ಅಷ್ಟು ದಿನ ಇದು ತನ್ನ ಮಾನದ ಪ್ರಶ್ನೆ ಎಂದುಕೊಂಡು ಒದ್ದಾಡಿದ್ದಳು. ಈಗ ನೋಡಿದರೆ ಮ್ಯಾಟಿನ ಮೇಲೆ ರೆಫರಿ ಎಂಬವಳೇ ಉಳಿದಿರಲಿಲ್ಲ. ಅನ್ಯಾಯಕ್ಕೊಳಗಾದ ಹುಡುಗಿಯೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದಳು.

ಸಂಧ್ಯಾ ಉದ್ದಕ್ಕೆ ಒಂದು ಸೀಟಿ ಊದಿದಳು. ಆಟ ನಿಲ್ಲಿಸುವ ಸೀಟಿ. ನಡುಗೆರೆಯ ಹತ್ತಿರ ಹೋಗಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

ಗಂಗಾಧರ್ ಓಡಿಬಂದ. "ಯಾಕ್ ಮೇಡಂ, ಸುಸ್ತಾಯ್ತಾ? ನೀರ್ ಕೊಡ್ಸಲಾ?"

"ನೀರ್ ಬೇಡ. ಇಲ್ಲಿ ಇಬ್ರು ರೆಫರಿ ಅವ್ರೆ. ಒಬ್ರು ಸಾಕು. ಕುಣಿಗಲ್ ಮ್ಯಾಚಿನ ತೀರ್ಪು ಸರಿ ಇತ್ತು, ನಾನು ಬದಲಾಯಿಸಿದ್ದು ತಪ್ಪು ಅಂತ ಅವ್ರು ಮೈಕಲ್ಲಿ ಹೇಳ್ಲಿ. ಇಲ್ಲಾಂದ್ರೆ ಅವ್ರೇ ಸೀಟಿ ಹಿಡ್ಕೊಂಡು ಆಡಿಸ್ಲಿ. ಅಲ್ಲೀವರ್ಗೂ ನಾನು ಏಳಲ್ಲ."

"ಮೇಡಂ, ಪ್ರೋಟೋಕಾಲ್..."

"ಮ್ಯಾಟಿನ ಮೇಲೆ ರೆಫರಿದೇ ಪ್ರೋಟೋಕಾಲ್. ಹೋಗಿ ಹೇಳಿ."

ಗಂಗಾಧರ್ ವೇದಿಕೆಗೂ ಮ್ಯಾಟಿಗೂ ಓಡಾಡಿ ಬೆವರಿದ. ಮೊದಲು ಜನಕ್ಕೆ ಇದೊಂದು ತಮಾಷೆಯಾಯಿತು. "ಎದ್ದೇಳಮ್ಮೋ" ಎಂದು ಕೂಗಿದರು, ಸೀಟಿ ಹೊಡೆದರು. ಅವಳ ಪರವಾಗಿ ಒಂದು ದನಿಯೂ ಏಳಲಿಲ್ಲ. ಗುಬ್ಬಿಯ ಕಡೆಯಿಂದಲೂ ಇಲ್ಲ. ಶಿವಮೂರ್ತಿ ಬೇಲಿಯ ಆಚೆ ನಿಂತು ಕೈಸನ್ನೆ ಮಾಡಿ ಏಳು ಏಳು ಎನ್ನುತ್ತಿದ್ದ. ಅವಳು ಯಾರನ್ನೂ ನೋಡದೆ ಮ್ಯಾಟಿನ ಮೇಲಿದ್ದ ಕಡ್ಡಿ ಕಸ ಹೆಕ್ಕುತ್ತ ಕೂತಳು.

ಆದರೆ ಜನ ದುಡಿಮೆ ಬಿಟ್ಟು ಬಂದಿದ್ದದ್ದು ಕಬಡ್ಡಿ ನೋಡಲು. ಆಟವಿಲ್ಲದ ಖಾಲಿ ಮ್ಯಾಟನ್ನು ಎಷ್ಟು ಹೊತ್ತು ನೋಡುತ್ತಾರೆ? ಬಿಸಿಲು ಇನ್ನಷ್ಟು ಇಳಿಯಿತು. ಕುಣಿಗಲ್ ಕಡೆಯವರು ವಾಚು ನೋಡಿಕೊಳ್ಳತೊಡಗಿದರು. ಅವರಿಗೆ ಊರಿಗೆ ಹೋಗುವ ಬಸ್ಸಿನ ಚಿಂತೆ. ಕೊನೆಗೆ ಕೂಗಿದ್ದೂ ಅವರ ಪೈಕಿಯೇ ಒಬ್ಬ, ರಂಗರಾಜುವಿನದೇ ಊರಿನವನು.

"ಅಣ್ಣೋ, ಅದೇನ್ ಹೇಳ್ಬೇಕೋ ಹೇಳ್ಬುಡಣ್ಣ. ಬಸ್ಸು ಹೊಂಟೋಯ್ತದೆ."

"ಹೌದು ಕಣಣ್ಣ, ಹೇಳಿ ಮುಗ್ಸು," ಎಂದ ಮತ್ತೊಬ್ಬ. ಆಮೇಲೆ ಯಾರು ಕೂಗಿದರೆಂದು ತಿಳಿಯದಷ್ಟು ಜನ ಕೂಗಿದರು. ನ್ಯಾಯ ಬೇಕೆಂದು ಒಬ್ಬನೂ ಕೂಗಲಿಲ್ಲ. ಬಸ್ಸು ಬೇಕಾಗಿತ್ತು, ಆಟ ಬೇಕಾಗಿತ್ತು. ಸಂಧ್ಯಾ ಇಷ್ಟು ದಿನ ಬಡಿದ ಬಾಗಿಲುಗಳಲ್ಲಿ ಒಂದೂ ತೆರೆದಿರಲಿಲ್ಲ, ಈಗ ಜನರ ಅವಸರ ಒಳಗೆ ನುಗ್ಗಿತ್ತು. ಆ ಮಂದಿಯ ಮೇಲೆ ಅವಳಿಗೆ ಸಿಟ್ಟೂ ಬಂತು, ಉಪಕಾರವಾಯಿತೆಂದೂ ಅನ್ನಿಸಿತು.

ರಂಗರಾಜು ಎದ್ದ. ಮೈಕು ಹಿಡಿದ. ಟಿಕೆಟ್ಟು ಬೇಕಾದವನು ತನ್ನದೇ ಊರಿನವರು ಕೂಗಿದಾಗ ಕೂತಿರಲು ಆಗುವುದಿಲ್ಲ.

"ಮಾನ್ಯ ಕ್ರೀಡಾಭಿಮಾನಿಗಳೇ, ಆಟ ಅಂದ್ಮೇಲೆ ಸೋಲು ಗೆಲುವು..."

ಸಂಧ್ಯಾ ಏಳಲಿಲ್ಲ.

"ನನ್ನಿಂದ ಆ ತಾಯಿಗೆ ಏನಾದ್ರೂ ನೋವಾಗಿದ್ರೆ..."

ಅವಳು ತಲೆ ಅಡ್ಡಡ್ಡ ಆಡಿಸಿದಳು. ಆಗಿದ್ದರೆ ಎನ್ನುವ ಮಾತು ಅವಳಿಗೆ ಬೇಕಾಗಿರಲಿಲ್ಲ.

"ಬೇಗ ಹೇಳಣ್ಣ," ಎಂದು ಹಿಂದಿನಿಂದ ಯಾರೋ ರೇಗಿದರು.

ರಂಗರಾಜುವಿಗೂ ಪಿತ್ತ ನೆತ್ತಿಗೇರಿತು. ಭಾಷಣದ ದನಿ ಬಿಟ್ಟು ಮನೆಯಲ್ಲಿ ಮಾತಾಡುವ ದನಿಯಲ್ಲಿ, ಒಂದೇ ಉಸಿರಿಗೆ, "ಅವತ್ತು ಆ ಹುಡ್ಗಿ ಗೆರೆ ಮುಟ್ಟಿದ್ಲು. ನಾನೂ ನೋಡ್ದೆ. ಈಯಮ್ಮ ಕೊಟ್ಟ ತೀರ್ಪೇ ಸರಿ. ನಾನು ಬದಲಾಯ್ಸಿದ್ದು ತಪ್ಪು. ಆಯ್ತಾ? ಆಡಿಸ್ರಿ ಈಗ" ಎಂದು ಮೈಕನ್ನು ಗಂಗಾಧರ್‌ನ ಕೈಗೆ ಕುಕ್ಕಿದ.

ನಾನೂ ನೋಡಿದೆ ಎಂದು ಹೇಳಲು ಅವಳು ಕೇಳಿರಲಿಲ್ಲ. ಅದು ಸಿಟ್ಟಿನಲ್ಲಿ ತಾನಾಗಿ ಹೊರಬಿದ್ದಿತ್ತು. ಕಂಡೂ ಮಾಡಿದ್ದ.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಯಾರಿಗೆ? ರಂಗರಾಜುವಿಗೆ. "ಎಂಥ ದೊಡ್ಡ ಮನ್ಸು ನೋಡು, ಎಲ್ಲಾರ ಮುಂದೆ ಒಪ್ಕೊಂಬುಟ್ರು" ಎಂದು ಬೇಲಿಯ ಹತ್ತಿರದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಗಂಗಾಧರ್ ಎಲ್ಲಿಂದಲೋ ಶಾಲು ತಂದು ಅಧ್ಯಕ್ಷರಿಗೆ ಹೊದಿಸಿದ. ಫೋಟೋ ತೆಗೆದರು. ನಾಳೆ ಇದೂ ಫ್ಲೆಕ್ಸ್ ಆಗುತ್ತದೆ. ಕುಣಿಗಲ್‌ಗೆ ಹೋದ ಕಪ್ಪು ವಾಪಸ್ ಬರುವುದಿಲ್ಲ. ಇದೆಲ್ಲ ಸಂಧ್ಯಾಳಿಗೆ ಗೊತ್ತಿತ್ತು. ಬಡಿದುಕೊಳ್ಳಲು ಹಣೆಯೊಂದೇ ಸಾಲದು ಎನ್ನಿಸಿತು.

ಎದ್ದಳು. ಪ್ಯಾಂಟಿನ ಧೂಳು ಕೊಡವಿಕೊಂಡು ಆಟ ಶುರು ಮಾಡಿಸಿದಳು. ಗುಬ್ಬಿಯ ರೈಡರ್ ಒಬ್ಬಳನ್ನು ಮುಟ್ಟಿ ಬಂದಳು, ಇಂಪನಾ ಮತ್ತೆ ಒಳಗೆ ಬಂದಳು. ಅದರ ಮುಂದಿನ ರೈಡಿನಲ್ಲಿ ಕುಣಿಗಲ್‌ನ ಹುಡುಗಿ ಬಾಗಿ ಕೈ ಬೀಸಿದಳು. ಬೆರಳ ತುದಿ ಇಂಪನಾಳ ಭುಜವನ್ನು ಸವರಿತು. ಕಂಡೂ ಕಾಣದಷ್ಟು. ಸಂಧ್ಯಾಳಿಗೆ ಕಂಡಿತು. ಸೀಟಿ ಊದಿ, ಇಂಪನಾ ಔಟ್ ಎಂದಳು.

ಇಂಪನಾ ಸರ್ರನೆ ತಿರುಗಿದಳು. ತಿರುಗಿದ್ದು ಸಂಧ್ಯಾಳ ಕಡೆಗೆ. ಮುಖ ಕೆಂಪಗಾಗಿತ್ತು.

"ಮಿಸ್, ಮುಟ್ಟೇ ಇಲ್ಲ ಅವ್ಳು. ನಿಮ್ಗೆ ಕಣ್ ಕಾಣಲ್ವಾ?"

"ಕಾಣುತ್ತೆ. ಔಟು."

"ಅನ್ಯಾಯ ಮಿಸ್ ಇದು. ಯಾವಾಗ್ಲೂ ನಂಗೇ ಹಿಂಗ್ ಮಾಡ್ತೀರ."

ಉಳಿದ ಹುಡುಗಿಯರೂ ಸುತ್ತುಗಟ್ಟಿದರು. ಗುಬ್ಬಿಯವರೆಲ್ಲ ಸಂಧ್ಯಾಳ ಮೇಲೆ ಎಗರಾಡುತ್ತಿದ್ದರು, ಕುಣಿಗಲ್‌ನವರು ಅವಳನ್ನೇ ನೋಡುತ್ತ ಕಾಯುತ್ತಿದ್ದರು. ವೇದಿಕೆಯ ಮೇಲೆ ಯಾರು ಕೂತಿದ್ದಾರೆಂಬುದು ಆ ಮಕ್ಕಳ ನೆನಪಿನಲ್ಲೇ ಇದ್ದಂತಿರಲಿಲ್ಲ. ಬೇಲಿಯಾಚೆಯಿಂದ ಗುಬ್ಬಿಯ ಜನ ಸಂಧ್ಯಾಳ ಹೆಸರು ಹಿಡಿದು ಬೈಯುತ್ತಿದ್ದರು. ಇಂಪನಾ ಅವಳನ್ನು ಸುಟ್ಟುಬಿಡುವ ಹಾಗೆ ದುರುಗುಟ್ಟಿ ನೋಡಿದಳು. ಎಷ್ಟೋ ದಿನದ ಮೇಲೆ ಸಂಧ್ಯಾಳಿಗೆ ಎದೆ ತುಂಬಿ ಬಂತು. ಅದನ್ನು ತೋರಿಸಿಕೊಳ್ಳದೆ ಮುಖ ಗಂಟು ಹಾಕಿಕೊಂಡಳು.

"ಬೈಯೋದೆಲ್ಲಾ ಮ್ಯಾಚ್ ಮುಗಿದ್ಮೇಲೆ ಬೈಕೋ. ಈಗ ಆಚೆ ನಡಿ," ಎಂದಳು.

ಇಂಪನಾ ಕಾಲು ಅಪ್ಪಳಿಸಿಕೊಂಡು, ಗೊಣಗುತ್ತ ಆಚೆ ನಡೆದಳು.